ಕ್ಯಾಮೆರಾ ಕೊಳ್ಳುವ ಮೊದಲು ಹತ್ತು ಚಿತ್ರಗಳು

ಜನವರಿ 9

ಪ್ರೀತಿಯ ಇಕ್ಕಳ,

ನನ್ನ ನಂಬರನ್ನು ನೀನು ಬ್ಲಾಕ್ ಮಾಡಬಹುದು, ಅಂಚೆಯವರನ್ನು ಮಾಡಲಾಗುವುದಿಲ್ಲವಲ್ಲ! ಹಾಗಾಗಿ ಪೆನ್ನು ಹಿಡಿದಿದ್ದೇನೆ. ನನ್ನ ಕನ್ನಡದಲ್ಲಿ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸು. ಆ ನೆಪದಲ್ಲಾದರೂ ನಿನ್ನ ಕೈಬರಹ ನೋಡುತ್ತೇನೆ.

ಮದುವೆಯಾಗಿ ಇಂದಿಗೆ ಎರಡು ತಿಂಗಳು ಮೂರು ದಿನ. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಅಡುಗೆಮನೆಯ ಕಿಟಕಿ ತೆರೆದರೆ ಎದುರು ಕಟ್ಟಡದ ದರ್ಜಿಯ ಕೋಣೆ. ಆತ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹಾಡುತ್ತಾನೆ! ಮೆಟ್ಟಿಲ ಬಳಿ ಒಂದು ನೀಲಿ ಬಾಗಿಲಿದೆ, ಮಧ್ಯಾಹ್ನದ ಬಿಸಿಲಿಗೆ ಅದು ನೇರಳೆಯಾಗುತ್ತದೆ. ನನ್ನವರು ಸಂಜೆ ಮನೆಗೆ ಬಂದರೆ ಬೆರಳ ಸಂದಿಯಲ್ಲೆಲ್ಲ ಬಿಳಿ ಪುಡಿ. ಅವರು ಕೃತಕ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿದ್ದಾರೆ ಎಂದು ಹೇಳಿದ್ದೆನಲ್ಲ. ಊರಿನ ಅರ್ಧ ಜನ ನನ್ನ ಗಂಡನ ಕೈಯಿಂದ ನಗುತ್ತಿದ್ದಾರೆ, ಎಂಥ ಹೆಮ್ಮೆ ನೋಡು! ಇದನ್ನೆಲ್ಲ ನಾನು ದಿನವೂ ಅವರಿಗೆ ವರದಿ ಒಪ್ಪಿಸುತ್ತೇನೆ. ಮೊನ್ನೆ ಅವರು ಕೈಮುಗಿದರು.

"ನೀನು ನೋಡಿದ್ದನ್ನೆಲ್ಲ ಕೇಳಿ ಕೇಳಿ ನನ್ನ ಕಿವಿ ತೂತಾಯ್ತು ಮಾರಾಯ್ತಿ. ಒಂದು ಕ್ಯಾಮೆರಾ ತಗೋ. ಹೇಳ್ಬೇಡ, ತೋರ್ಸು."

ಹಾಗೆ ಕ್ಯಾಮೆರಾ ಅಂಗಡಿಗೆ ಹೋದೆವು. ಅಲ್ಲಿ ತಲೆ ಚಿಟ್ಟು ಹಿಡಿಯಿತು. ಫುಲ್ ಫ್ರೇಮ್ ಬೇಕೋ, ಚಿಕ್ಕ ಸೆನ್ಸರ್ ಸಾಕೋ, ಎಷ್ಟು ಮೆಗಾಪಿಕ್ಸೆಲ್, ಒಳಗೆ ಕನ್ನಡಿ ಇರುವುದೋ ಇಲ್ಲದ್ದೋ! ಕನ್ನಡಿಯಿಲ್ಲದೆ ನಾನು ಮನೆಯಿಂದ ಹೊರಡುವವಳೇ ಅಲ್ಲ ಎಂದೆ, ಮಾರುವವರಿಗೆ ನಗು ಬರಲಿಲ್ಲ. ಕೊನೆಗೆ ನನ್ನವರು ಕೇಳಿದರು:

"ನೀವು ಯಾವುದ್ರಲ್ಲಿ ತೆಗೀತೀರಿ?"

"ನಾನಾ ಸರ್? ನಾನು ಫೋನಲ್ಲೇ."

ಅಲ್ಲಿಂದ ಎದ್ದು ಬಂದೆವು. ಆಗ ನೀನು ನೆನಪಾದೆ. ಸುಳ್ಳೇಕೆ, ಮೊದಲೇ ನೆನಪಾಗಿದ್ದೆ. ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವ ಆ ಅಂಗಡಿಯಲ್ಲಿ ಕೂತು, ಸತ್ತ ಕ್ಯಾಮೆರಾಗಳನ್ನು ಬದುಕಿಸಿ ಮಾರುವ ನಿನ್ನನ್ನು ಬಿಟ್ಟು ನಾನು ಯಾರನ್ನು ಕೇಳಲಿ? ಆರನೇ ಕ್ಲಾಸಿನಲ್ಲೇ ಇಕ್ಕಳ ತಂದು ಶಾಲೆಯ ಗಂಟೆಯನ್ನು ಬಿಚ್ಚಿಟ್ಟವಳು ನೀನು. ನನಗೊಂದು ಕ್ಯಾಮೆರಾ ಆರಿಸಿಕೊಡು.

ಮದುವೆಯ ದಿನ ಊಟವನ್ನೂ ಮಾಡದೆ ಹೊರಟುಹೋದೆ. ಏನೋ ಅವಸರವಿತ್ತೆಂದುಕೊಂಡೆ. ನಿನಗೇನಾದರೂ ಬೇಸರವಾಗಿದ್ದರೆ ವಿಷಾದಿಸುತ್ತೇನೆ.

ಬಾಯಿಯಲ್ಲಿ ಅರಳು ಹುರಿಯುತ್ತಾಳೆಂದು ನೀನೇ ಹೆಸರಿಟ್ಟ,
ಅರಳು


ಜನವರಿ 24

ಮಾನ್ಯ ಗ್ರಾಹಕರೇ,

ತಮ್ಮ ವಿಚಾರಣೆ ತಲುಪಿತು.

ಮೆಗಾಪಿಕ್ಸೆಲ್ಲಿನ ಚಿಂತೆ ಬಿಡಿ. ಅದು ಗೋಡೆಯಗಲದ ಪ್ರಿಂಟ್ ಹಾಕಿಸುವವರಿಗೆ. ಕನ್ನಡಿ ಇರುವ ಕ್ಯಾಮೆರಾ ಭಾರ, ಇಲ್ಲದ್ದು ಹಗುರ. ತಮಗೆ ಸದ್ಯ ಅಷ್ಟು ಗೊತ್ತಿದ್ದರೆ ಸಾಕು. ಭಾರವಾದ ಕ್ಯಾಮೆರಾ ಮೊದಲ ವಾರ ಕೊರಳಲ್ಲಿರುತ್ತದೆ, ಎರಡನೇ ವಾರ ಬ್ಯಾಗಿನಲ್ಲಿ, ಆಮೇಲೆ ಅಲಮಾರಿಯಲ್ಲಿ ನಿದ್ದೆ ಮಾಡುತ್ತದೆ. ಒಂದು ವರ್ಷ ಕಳೆದು ನನ್ನ ಅಂಗಡಿಗೆ ಬರುತ್ತದೆ. ನನ್ನ ವ್ಯಾಪಾರ ನಡೆಯುವುದೇ ಹಾಗೆ.

ಹೊಸಬರಿಗೆ ನಾನು ಕೇಳಿದ ಕೂಡಲೇ ಕ್ಯಾಮೆರಾ ಮಾರುವುದಿಲ್ಲ. ತಾವು ಫೋನಿನಲ್ಲಿ ತೆಗೆದ, ಅಳಿಸಲು ಮನಸ್ಸು ಬಾರದೆ ಉಳಿಸಿಕೊಂಡ ಹತ್ತು ಚಿತ್ರಗಳನ್ನು ಪ್ರಿಂಟ್ ಹಾಕಿಸಿ ಕಳಿಸಿ. ತಾವು ಯಾವುದನ್ನು ನೋಡುತ್ತೀರಿ, ಎಷ್ಟು ದೂರ ನಿಂತು ನೋಡುತ್ತೀರಿ ಎಂದು ತಿಳಿದರೆ ಯಾವ ಕ್ಯಾಮೆರಾ, ಯಾವ ಲೆನ್ಸ್ ಎಂದು ಹೇಳಬಹುದು. ಅದಕ್ಕೂ ಮೊದಲು ಹೇಳುವವರು ಬರೀ ಡಬ್ಬಿ ಮಾರುತ್ತಾರೆ.

ಪತ್ರದ ಕೊನೆಯ ವಾಕ್ಯದ ಬಗ್ಗೆ: ಕಳೆದ ವರ್ಷ ನನ್ನದೊಂದು ಲೆನ್ಸ್ ಸಾಗಣೆಯಲ್ಲಿ ಒಡೆದಿತ್ತು. ತಾವು ಕೆಲಸ ಮಾಡುವ ಪಾರ್ಸೆಲ್ ಕಂಪನಿಯ ದೂರು ವಿಭಾಗ ನನಗೆ ಬರೆದದ್ದೂ ಅದೇ ವಾಕ್ಯ, 'ನಿನಗೆ' ಇದ್ದಲ್ಲಿ 'ನಿಮಗೆ' ಎಂದಷ್ಟೇ ಬದಲು.

ಇಂತಿ,
ಅಂಗಡಿಯ ಮಾಲೀಕಳು


ಫೆಬ್ರವರಿ 2

ಪ್ರೀತಿಯ ಇಕ್ಕಳ,

ಬರೆದೆಯಲ್ಲ! ಮಾನ್ಯ ಗ್ರಾಹಕಳೋ, ಮಾನ್ಯ ಶತ್ರುವೋ, ಏನಾದರೂ ಕರಿ. ಪತ್ರ ಹಿಡಿದು ಮನೆತುಂಬ ಕುಣಿದೆ. ಕೆಳಗಿನ ಮನೆಯವರು ಮೇಲೆ ಬಂದು "ಏನಮ್ಮಾ, ಸೀಲಿಂಗ್ ಬೀಳಿಸ್ತೀಯಾ?" ಎಂದು ಕೇಳಿಹೋದರು.

ಹತ್ತು ಚಿತ್ರ ಇಟ್ಟಿದ್ದೇನೆ. ಆರಿಸುವುದು ಎಷ್ಟು ಕಷ್ಟ! ಫೋನಿನಲ್ಲಿ ಮೂರು ಸಾವಿರವಿದ್ದವು. ನಿನ್ನ ವಿಧಾನ ಎಷ್ಟು ಚೆನ್ನಾಗಿದೆ ಎಂದು ನನ್ನವರಿಗೆ ಹೇಳಿದೆ. "ನಾವೂ ಹಾಗೇ, ಅಳತೆ ತಗೊಳ್ದೆ ಹಲ್ಲು ಕೂರ್ಸಿದ್ರೆ ಕಚ್ಚತ್ತೆ" ಎಂದರು. ನೋಡಿದೆಯಾ, ನೀವಿಬ್ಬರೂ ಒಂದೇ ಜಾತಿಯ ಕೆಲಸಗಾರರು.

ಕೊನೆಯ ವಾಕ್ಯದ ಬಗ್ಗೆ ನೀನು ಬರೆದದ್ದು ಓದಿದೆ. ದಿನಕ್ಕೆ ಐವತ್ತು ಸಲ ಹೇಳುವ ಮಾತು, ಕೈ ತಾನಾಗಿ ಬರೆದುಬಿಟ್ಟಿತು.

ಚಿತ್ರಗಳ ಬಗ್ಗೆ ನಿಜವನ್ನೇ ಹೇಳು. ಹೊಗಳಿದರೂ ಸರಿ!

ನಿನ್ನ,
ಅರಳು


ಫೆಬ್ರವರಿ 15

ಮಾನ್ಯ ಗ್ರಾಹಕರೇ,

ಹತ್ತರಲ್ಲಿ ಒಂಬತ್ತು ತಮ್ಮ ಯಜಮಾನರು. ಹತ್ತನೆಯದು ಯಜಮಾನರ ಚಪ್ಪಲಿ.

ಒಂಬತ್ತರಲ್ಲೂ ಅವರು "ಆಯ್ತಾ?" ಎಂದು ಕೇಳುತ್ತಿರುವ ಮುಖ. ಅವರದು ತಪ್ಪಲ್ಲ. ತಾವು ಪ್ರತಿ ಸಲ ಸುಮಾರು ಹತ್ತು ಹೆಜ್ಜೆ ದೂರ ನಿಂತು, ಅವರನ್ನು ನಗಿಸಿ, ಹಿಂದಿರುವ ಗೋಡೆ, ಫ್ಯಾನು, ಕ್ಯಾಲೆಂಡರ್, ಕೊಡೆ ಎಲ್ಲವನ್ನೂ ಸೇರಿಸಿ ತೆಗೆದಿದ್ದೀರಿ. ಎಲ್ಲವೂ ಬೇಕೆನ್ನುವವರಿಗೆ ಏನೂ ಸಿಗುವುದಿಲ್ಲ.

ಚಪ್ಪಲಿಯ ಚಿತ್ರ ಪರವಾಗಿಲ್ಲ. ಅದಕ್ಕೆ ನಗಲು ಹೇಳಿರಲಿಲ್ಲವಲ್ಲ. ಎಡಗಾಲಿನ ಹಿಮ್ಮಡಿ ಹೆಚ್ಚು ಸವೆದಿದೆ, ಅವರು ಎಡಕ್ಕೆ ವಾಲಿ ನಡೆಯುತ್ತಾರೆಂದು ನನಗೆ ಗೊತ್ತಾಯಿತು. ಅಷ್ಟು ಹೇಳಿದರೆ ಅದು ಚಿತ್ರ.

ಇನ್ನೂ ಹತ್ತು ಕಳಿಸಿ. ಯಜಮಾನರು ಇರಬಾರದು. ಯಾರಿಗೂ ನಗಲು ಹೇಳಬಾರದು. ಜೂಮ್ ಮುಟ್ಟಬಾರದು, ಹತ್ತಿರ ಬೇಕಿದ್ದರೆ ಕಾಲಿವೆ. ಒಪ್ಪಿಗೆ ಕೇಳಿ ತೆಗೆಯಿರಿ, ಒಪ್ಪಿದವರು ತಮ್ಮನ್ನು ಮರೆಯುವವರೆಗೆ ಕಾಯಿರಿ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಕ್ಯಾಮೆರಾ ಇನ್ನೂ ಬಂದಿಲ್ಲವಾದ್ದರಿಂದ ಅದನ್ನು ದೂರುವಂತೆಯೂ ಇಲ್ಲ.

ಇಂತಿ,
ಅಂಗಡಿಯ ಮಾಲೀಕಳು


ಮಾರ್ಚ್ 3

ಪ್ರೀತಿಯ ಇಕ್ಕಳ,

ಚಪ್ಪಲಿಯ ವಿಷಯ ಓದಿ ನನ್ನವರನ್ನು ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಸಿದೆ. ಎಡಕ್ಕೆ ವಾಲುತ್ತಾರೆ! ಮದುವೆಯಾದ ನನಗೆ ಕಾಣದ್ದು ನಾಲ್ಕು ಗಂಟೆಯ ರೈಲುದಾರಿ ಆಚೆ ಕೂತ ನಿನಗೆ ಕಂಡಿತಲ್ಲ! "ಅವಳು ನಮ್ಮನೆಗೆ ಬರೋದೇ ಬೇಡ, ಇನ್ನೂ ಏನೇನು ಕಂಡುಹಿಡೀತಾಳೋ" ಎಂದು ಅವರು ಹೆದರಿದ್ದಾರೆ. ತಮ್ಮನ್ನು ಹೊರಗಿಟ್ಟದ್ದಕ್ಕೆ ಸ್ವಲ್ಪ ಮುನಿಸೂ ಇದೆ.

ಈ ಸಲ ಕಚೇರಿಯಲ್ಲಿ ತೆಗೆದೆ. ನಮ್ಮದು ಕಿಟಕಿಯಿಲ್ಲದ ಉದ್ದ ಕೋಣೆ, ಹದಿನಾಲ್ಕು ಮೇಜು, ಹದಿನಾಲ್ಕು ಹೆಡ್‌ಫೋನು. ಪಕ್ಕದ ಮೇಜಿನ ಹಿರಿಯಕ್ಕ ಇಪ್ಪತ್ತು ವರ್ಷದಿಂದ ಕ್ಷಮೆ ಕೇಳುತ್ತಿರುವವರು. ಫೋಟೋ ತೆಗೆಯಲೇ ಎಂದೆ.

"ನನ್ನ ಮುಖಾನಾ? ಬೈಸಿಕೊಳ್ಳೋ ಮುಖ ಕಣೇ ಇದು."

"ಇರ್ಲಿ ಅಕ್ಕಾ."

"ತಗೋ ಹಾಗಾದ್ರೆ. ಕೂದಲು ಬಾಚ್ಕೋಬೇಕಾ?"

"ಬೇಡ."

"ನಿನ್ನ ಫೋಟೋ, ನಿನ್ನ ಹಣೆಬರಹ."

ಮೂರು ದಿನ ಅವರು ಫೋನ್ ಕಂಡಾಗಲೆಲ್ಲ ನೆಟ್ಟಗೆ ಕೂತರು. ನಾಲ್ಕನೆಯ ದಿನ ಮರೆತರು. ಯಾರೋ ಕಿವಿಯಲ್ಲಿ ಕೂಗಾಡುತ್ತಿದ್ದರು, ನನಗೂ ಕೇಳುತ್ತಿತ್ತು. ಅಕ್ಕ ಜೇನಿನಂಥ ದನಿಯಲ್ಲಿ "ಖಂಡಿತಾ ಸರ್, ತಪ್ಪು ನಮ್ಮದೇ ಸರ್" ಎನ್ನುತ್ತಿದ್ದರು. ಮೇಜಿನ ಕೆಳಗೆ ಅವರ ಬಲಗೈ ರಬ್ಬರನ್ನು ಉಗುರಿನಿಂದ ಚೂರು ಚೂರು ಮಾಡುತ್ತಿತ್ತು. ಎರಡೇ ಹೆಜ್ಜೆ ದೂರ ನಿಂತು ತೆಗೆದೆ.

ಇಷ್ಟು ದಿನ ಪಕ್ಕದಲ್ಲೇ ಕೂತಿದ್ದೆ. ಆ ಕೈಯನ್ನು ನೋಡಿರಲಿಲ್ಲ.

ಉಳಿದ ಒಂಬತ್ತು ಹೇಗಿವೆಯೋ ಗೊತ್ತಿಲ್ಲ. ದರ್ಜಿಯದೂ ಇದೆ, ಗುಂಡುಸೂಜಿ ಸಮೇತ.

ನಿನ್ನ,
ಅರಳು


ಮಾರ್ಚ್ 18

ಮಾನ್ಯ ಗ್ರಾಹಕರೇ,

ಹತ್ತರಲ್ಲಿ ಏಳನ್ನು ಬಿಟ್ಟುಬಿಡಿ. ದರ್ಜಿಯದು ಚೆನ್ನಾಗಿದೆ, ಆದರೆ ಗುಂಡುಸೂಜಿಗಾಗಿ ತೆಗೆದದ್ದು ಎಂದು ಗೊತ್ತಾಗುತ್ತದೆ. ಪಾರ್ಸೆಲ್ ಪೆಟ್ಟಿಗೆಯ ಹಗ್ಗ ಬಿಚ್ಚುತ್ತಿರುವ ಮುದುಕಿಯ ಚಿತ್ರವನ್ನು ಬೆಳಕಿಗೆ ಬೆನ್ನು ಹಾಕದೆ ಪಕ್ಕಕ್ಕೆ ನಿಂತು ತೆಗೆದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ರಬ್ಬರಿನ ಚಿತ್ರವನ್ನು ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ನಿನ್ನೆ ಲೆನ್ಸ್ ಕೊಳ್ಳಲು ಬಂದ ಪತ್ರಿಕಾ ಛಾಯಾಗ್ರಾಹಕರೊಬ್ಬರು ಅದರ ಮುಂದೆ ನಿಂತು, ಬಂದ ಕೆಲಸ ಮರೆತರು. "ಯಾರು ತೆಗೆದದ್ದು?" ಎಂದರು. "ಹೊಸಬಳು, ಇನ್ನೂ ಕ್ಯಾಮೆರಾ ಇಲ್ಲ" ಎಂದೆ. ನಂಬಲಿಲ್ಲ. ನನಗೇನೋ ನಾನೇ ತೆಗೆದಷ್ಟು ಜಂಬ ಬಂತು, ಯಾಕೆಂದು ಗೊತ್ತಿಲ್ಲ.

ನೀನು ಕೈಗಳನ್ನು ನೋಡುತ್ತೀ. ಮಾತಿನಲ್ಲಿ ಮುಳುಗಿರುವವಳು ನೀನು, ಆದರೆ ಕಣ್ಣು ಮಾತು ನಿಂತ ಜಾಗಕ್ಕೆ ಹೋಗುತ್ತದೆ. ಇದನ್ನು ಯಾರೂ ಕಲಿಸಲಾರರು. ನನಗೆ ಇದು ಬರಲು ಹತ್ತು ವರ್ಷ ಬೇಕಾಯಿತು.

ಈಗ ಕ್ಯಾಮೆರಾ. ನಿನಗೆ ಕನ್ನಡಿಯಿಲ್ಲದ, ಅಂಗೈಗೆ ಕೂರುವ, ಸದ್ದಿಲ್ಲದೆ ತೆಗೆಯುವ ಹಳೆಯದೊಂದು ಸಾಕು. ಹೊಸದು ಬೇಡ. ಗೀರು ಬಿದ್ದೀತೆಂಬ ಭಯದಲ್ಲಿ ಹೊರಗೇ ತೆಗೆಯುವುದಿಲ್ಲ ನೀನು. ಜೂಮ್ ಇಲ್ಲದ ಒಂದೇ ಲೆನ್ಸ್, ನಮ್ಮ ಕಣ್ಣಿಗೆ ಹತ್ತಿರವಾದ ಕೋನದ್ದು. ಮೊದಲ ವರ್ಷ ಎರಡನೆಯದನ್ನು ಕೇಳಿದರೆ ಬೈಯುತ್ತೇನೆ. ಮೂರು ಕ್ಯಾಮೆರಾ ಬೇರೆಯಿಟ್ಟಿದ್ದೇನೆ. ಮೂರರ ಒಳಗೂ ಶುಚಿಮಾಡಿ, ಯಾವುದೆಂದು ಬರೆಯುತ್ತೇನೆ.

ಇಂತಿ,
ಅಂಗಡಿಯವಳು


ಏಪ್ರಿಲ್ 4

ಇಕ್ಕಳ,

ಕ್ಯಾಮೆರಾ ಕಳಿಸುವ ಮೊದಲು ಇದನ್ನು ಓದು. ಓದಿದ ಮೇಲೆ ಕಳಿಸದಿದ್ದರೂ ಸರಿ.

ಮೊನ್ನೆ ಮದುವೆಯ ಆಲ್ಬಂ ಬಂತು. ನನ್ನವರ ಸೋದರತ್ತೆ ಉಡುಗೊರೆಯಾಗಿ ಕರೆಸಿದ್ದ ಐದು ಜನರ ತಂಡದ್ದು. ತಲೆಯ ಮೇಲೆ ಹಾರುವ ಕ್ಯಾಮೆರಾ ಇತ್ತಲ್ಲ, ಅದೇ. ಒಂದು ಸಾವಿರದ ನಾನೂರು ಚಿತ್ರ. ಎರಡು ತಿಂಗಳ ಹಿಂದಾಗಿದ್ದರೆ ಪ್ರತಿಯೊಂದಕ್ಕೂ ಕುಣಿಯುತ್ತಿದ್ದೆ. ಈಗ ಕುಣಿಯಲಾಗಲಿಲ್ಲ. ಎಲ್ಲರೂ ನಗುತ್ತಿದ್ದಾರೆ, ಎಲ್ಲರಿಗೂ ನಗಲು ಹೇಳಿದ್ದಾರೆ.

ನಿನ್ನನ್ನು ಹುಡುಕಿದೆ. ಎಂಟುನೂರ ಅರವತ್ತಾರನೆಯದರಲ್ಲಿ ಸಿಕ್ಕೆ, ಅದೂ ಮೂಲೆಯಲ್ಲಿ. ಮೂರನೇ ಸಾಲಿನ ಕೊನೆಯ ಕುರ್ಚಿ. ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ, ಅವುಗಳ ಮೇಲೆ ಕೂತಿದ್ದೀ. ವೇದಿಕೆಯತ್ತ ನೋಡುತ್ತಿಲ್ಲ. ಕಿಟಕಿ ನೋಡುತ್ತಿದ್ದೀ. ನಿನ್ನ ಕೈಗಳು ಖಾಲಿ ಇದ್ದದ್ದನ್ನು ನಾನು ಎಂದೂ ನೋಡಿಲ್ಲ, ಅಂದು ಕ್ಯಾಮೆರಾ ಹೊರತೆಗೆಯಬೇಡವೆಂದು ಖಾಲಿ ಮಾಡಿಸಿದವಳು ನಾನೇ.

"ನೀನು ಮನೆಯವಳು, ಕೆಲ್ಸ ಮಾಡ್ಬಾರ್ದು, ಆರಾಮಾಗಿ ಕೂತ್ಕೋ" ಎಂದೆ ನಿನಗೆ. ಪ್ರೀತಿಯ ಮಾತೆಂದು ನನಗೆ ನಾನೇ ಇಷ್ಟು ದಿನ ಹೇಳಿಕೊಂಡು ಬಂದೆ. ಅದು ಸುಳ್ಳು. ನಡೆದದ್ದು ಇದು: ಮದುವೆಗೆ ವಾರ ಮೊದಲು ಸೋದರತ್ತೆ ಫೋನ್ ಮಾಡಿದ್ದರು.

"ಯಾರೋ ನಿನ್ ಫ್ರೆಂಡ್ ಅಂತೆ, ರಿಪೇರಿ ಅಂಗಡಿಯವ್ಳು. ಹಳೇ ಡಬ್ಬ ಹಿಡ್ಕೊಂಡು ನಮ್ಮೋರಿಗೆ ಅಡ್ಡ ಬರಲ್ಲ ತಾನೆ?"

ನಾನು ಹೇಳಿದೆ: "ಇಲ್ಲ ಅತ್ತೆ, ಅವಳು ಬರೀ ಊಟಕ್ಕೆ ಬರ್ತಿದ್ದಾಳೆ."

ಹಾಗೆ ಹೇಳಿದೆ, ಇಕ್ಕಳ. ಹೊಸ ಮನೆಯವರೆದುರು ನನಗೆ ನಾಚಿಕೆಯಾಗಿತ್ತು, ನಿನ್ನ ಗ್ರೀಸು ಹತ್ತಿದ ಉಗುರುಗಳಿಗೆ, ಟೇಪು ಸುತ್ತಿದ ಬ್ಯಾಗಿಗೆ. ಹನ್ನೆರಡು ವರ್ಷ ನಾನು ಹೆಮ್ಮೆ ಪಟ್ಟದ್ದೂ ಅವಕ್ಕೇ. ಈ ಮಾತು ನಿನ್ನ ಕಿವಿಗೆ ಬಿದ್ದಿತೋ ಇಲ್ಲವೋ ತಿಳಿಯದು. ಬೀಳದಿದ್ದರೆ ಮುಚ್ಚಿಟ್ಟು ಬದುಕಬಹುದಿತ್ತು. ಆದರೆ ಆ ಎಂಟುನೂರ ಅರವತ್ತಾರನ್ನು ನೋಡಿದ ಮೇಲೆ, ನೀನು ಕಲಿಸಿದ ಕಣ್ಣಿನಿಂದಲೇ ನೋಡಿದ ಮೇಲೆ, ನಿನಗೆ ಸುಳ್ಳು ಹೇಳಿ ನಿನ್ನ ಕೈಯಿಂದ ಕ್ಯಾಮೆರಾ ಪಡೆಯಲಾರೆ.

ತಪ್ಪು ನನ್ನದು. ಕ್ಷಮಿಸು.

ಅರಳು


ಏಪ್ರಿಲ್ 29

ಇಕ್ಕಳ,

ನಿನ್ನಿಂದ ಪತ್ರವಿಲ್ಲ. ಅಂಚೆಯವರು ಈಗ ಮೆಟ್ಟಿಲ ಬುಡದಿಂದಲೇ ತಲೆ ಅಲ್ಲಾಡಿಸುತ್ತಾರೆ. "ಹೋಗಿ ಬಾ, ಬಾಗ್ಲು ತಟ್ಟು" ಎನ್ನುತ್ತಾರೆ ನನ್ನವರು. ನೀನು ಕರೆಯದೆ ಬರುವುದಿಲ್ಲ. ಕರೆಯಬೇಕೆಂದು ಕೇಳುವುದೂ ಇಲ್ಲ.

ದಿನಕ್ಕೊಂದು ಚಿತ್ರ ಮಾತ್ರ ತೆಗೆಯುತ್ತಿದ್ದೇನೆ, ಫೋನಿನಲ್ಲೇ. ಇಂದು ಹಿರಿಯಕ್ಕನಿಗೆ ಅವರ ಚಿತ್ರ ಕೊಟ್ಟೆ. ತುಂಬ ಹೊತ್ತು ನೋಡಿ, "ನನ್ನ ಕೈ ಇಷ್ಟು ಸಿಟ್ಟಾಗಿದೆ ಅಂತ ನಂಗೇ ಗೊತ್ತಿರ್ಲಿಲ್ಲ ಕಣೇ" ಎಂದರು. ಆ ಮಾತನ್ನು ಹೇಳಲು ನನಗೆ ನೀನಲ್ಲದೆ ಬೇರೆ ಯಾರೂ ತೋಚಲಿಲ್ಲ.

ಅರಳು


ಮೇ 20

ಅರಳು,

ಸೋದರತ್ತೆಯ ಮಾತು ನನಗೆ ಗೊತ್ತಿರಲಿಲ್ಲ. ನೀನು ಹೇಳದಿದ್ದರೆ ಎಂದೂ ಗೊತ್ತಾಗುತ್ತಿರಲಿಲ್ಲ. ನಿನ್ನ ಪತ್ರ ಓದಿ ಹರಿದುಹಾಕಿದೆ. ಎರಡು ದಿನ ಚೂರುಗಳು ಸ್ಕ್ರೂ ಡಬ್ಬಿಯಲ್ಲಿದ್ದವು. ಮೂರನೆಯ ದಿನ ಅಂಟಿಸಿದೆ. "ಬರೀ ಊಟಕ್ಕೆ" ಎಂಬಲ್ಲಿ ಎರಡು ತುಂಡು ಸರಿಯಾಗಿ ಕೂಡಲಿಲ್ಲ.

ನನ್ನ ಕಡೆಯದನ್ನೂ ಕೇಳು. ನಿನ್ನ ಮದುವೆಗೆ ಮೂರು ದಿನ ಮೊದಲು ನಾನು ರೈಲು ಹತ್ತಿ ಬಂದು ಆ ಹಾಲ್ ನೋಡಿ ಹೋಗಿದ್ದೆ. ಕಾವಲುಗಾರನಿಗೆ ಅಲಂಕಾರದವಳೆಂದು ಸುಳ್ಳು ಹೇಳಿ ಒಳಗೆ ಬೆಳಿಗ್ಗೆಯಿಂದ ಸಂಜೆವರೆಗೆ ಕೂತಿದ್ದೆ. ಹನ್ನೊಂದು ಗಂಟೆಗೆ ಎಡಗಡೆಯ ಕಿಟಕಿಯಿಂದ ಬರುವ ಬೆಳಕು ಇಪ್ಪತ್ತು ನಿಮಿಷ ವೇದಿಕೆಯ ಅಂಚಿಗೆ ಬೀಳುತ್ತದೆ. ಅಲ್ಲಿ ನಿನ್ನನ್ನು ಒಂದು ಹೆಜ್ಜೆ ಮುಂದೆ ಕರೆದರೆ ಸಾಕು ಎಂದು ಲೆಕ್ಕ ಹಾಕಿದ್ದೆ. ನಿನಗೆ ಹೇಳಿರಲಿಲ್ಲ. ಹೇಳುವುದೇನಿದೆ, ನಿನ್ನ ಮದುವೆಯ ಚಿತ್ರ ಇನ್ಯಾರು ತೆಗೆಯುತ್ತಾರೆ ಎಂದುಕೊಂಡಿದ್ದೆ. ಕೇಳದೆಯೇ ನನ್ನದೆಂದುಕೊಂಡದ್ದು ನನ್ನ ತಪ್ಪು. ಆ ದಿನ ಬೆಳಕು ಬಂತು, ಇಪ್ಪತ್ತು ನಿಮಿಷ ಇತ್ತು, ಹೋಯಿತು. ನಾನೂ ಹೋದೆ.

ಸಿಟ್ಟು ಪೂರ್ತಿ ಹೋಗಿಲ್ಲ. ಹೋಗಿದೆ ಎಂದರೆ ನೀನು ನಂಬಿ ಕುಣಿಯುತ್ತೀ, ಕೆಳಗಿನ ಮನೆಯವರಿಗೆ ತೊಂದರೆ. ಆದರೆ ಒಂದು ಸಾವಿರದ ನಾನೂರರಲ್ಲಿ ನನ್ನ ಕೈ ಹುಡುಕಿದವಳು ನೀನೊಬ್ಬಳೇ. ಆ ತಂಡದವರಿಗೆ ಕಾಣಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಕಂಡಿರಲಿಲ್ಲ. ನಾನು ಕೈಗಳ ಮೇಲೆ ಕೂತಿದ್ದೆ ಎಂದು ನಿನ್ನ ಪತ್ರದಿಂದಲೇ ತಿಳಿಯಿತು.

ಇದರ ಜೊತೆ ಬಂದ ಪೆಟ್ಟಿಗೆಯಲ್ಲಿ ನಿನ್ನ ಕ್ಯಾಮೆರಾ ಇದೆ. ಮೂರರಲ್ಲಿ ಚಿಕ್ಕದು. ಹಿಂದಿನ ಒಡತಿ ಒಬ್ಬ ದಾದಿ. ಅವರ ಹೆಬ್ಬೆರಳು ಕೂತಲ್ಲಿ ಬಣ್ಣ ಸವೆದಿದೆ, ಅಲ್ಲೇ ನಿನ್ನದೂ ಕೂರುತ್ತದೆ. ನಿಮ್ಮ ಕಂಪನಿಯ ಮೂಲಕವೇ ಕಳಿಸಿದ್ದೇನೆ. ಒಡೆದಿದ್ದರೆ ಯಾರಿಗೆ ದೂರು ಕೊಡಬೇಕೆಂದು ಗೊತ್ತಿದೆ.

ಗುರುವಾರ ಅಂಗಡಿಗೆ ರಜೆ. ಮೊದಲ ರೈಲಿಗೆ ಬಾ. ಅಮ್ಮ ಅಡುಗೆ ಮಾಡುತ್ತಾಳೆ, ಆದರೆ ಬರೀ ಊಟಕ್ಕೆ ಬರುವಂತಿಲ್ಲ, ಕೆಲಸವಿದೆ. ಇಷ್ಟು ವರ್ಷದಲ್ಲಿ ಗುರುತಿನ ಚೀಟಿಗೆ ಬಿಟ್ಟರೆ ನನ್ನ ಚಿತ್ರವನ್ನು ಯಾರೂ ತೆಗೆದಿಲ್ಲ. ನಾನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿರುತ್ತೇನೆ. ಕೈಯಲ್ಲಿ ಏನೂ ಹಿಡಿಯುವುದಿಲ್ಲ, ಅಡಗಿಸುವುದೂ ಇಲ್ಲ. ನೀನು ಎರಡು ಹೆಜ್ಜೆ ದೂರ ನಿಂತು ತೆಗೆಯಬೇಕು.

ಈಗಲೇ ಹೆದರಿಕೆಯಾಗುತ್ತಿದೆ. ಬೇಗ ಬಾ.

ಇಕ್ಕಳ